ಬೀಗದ ಕೈಯ ವಾಸನೆ

ಪ್ರಿಯ ಗೆಳೆಯಾ,

ನಾನು ಕ್ಷೇಮ. ನೀನೂ, ಮನೆಯವರೆಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹೋದ ಸಲ ಈ ಮಾತು ತೆಗೆದಾಗ ನೀನು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಪತ್ರವಾದರೆ ನೀನು ಎಷ್ಟು ನಕ್ಕರೂ ನನಗೆ ಕೇಳಿಸುವುದಿಲ್ಲ.

ಅಂದು ನಾನು ಹೇಳಿದ್ದಾದರೂ ಏನು? ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದಾಗ ಉಸಿರನ್ನು ಸ್ವಲ್ಪ ಉದ್ದಕ್ಕೆ ಎಳೆದುಕೊಳ್ಳುತ್ತೇನೆ ಎಂದು. ನೀನು ಅದನ್ನು ರೋಗವೆಂದೆ. ನಾನು ಪೆಚ್ಚಾಗಿ ಸುಮ್ಮನಾದೆ. ಆಮೇಲೆ ಕಚೇರಿಯಲ್ಲಿ ಮೆಲ್ಲಗೆ ಇದೇ ಮಾತು ತೆಗೆದು ನೋಡಿದೆ. ಒಬ್ಬರಾದ ಮೇಲೆ ಒಬ್ಬರು ತಪ್ಪೊಪ್ಪಿಗೆಗೆ ನಿಂತರು. ಒಬ್ಬನಿಗೆ ಆಗ ತಾನೇ ಊದಿ ಆರಿಸಿದ ಬೆಂಕಿಕಡ್ಡಿಯ ಹೊಗೆ. ಇನ್ನೊಬ್ಬಳಿಗೆ ಟ್ರಂಕಿನ ತಳದಲ್ಲಿ ಕರಗುತ್ತಿರುವ ನುಸಿಗುಳಿಗೆ. ಲೆಕ್ಕ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ, ನಗುವುದೇ ಅಪರೂಪ. ಮನೆಗೆ ಹೊಸ ಚಪ್ಪಲಿ ಬಂದರೆ ಆ ಡಬ್ಬವನ್ನು ತಾವೇ ಮೊದಲು ತೆರೆಯಬೇಕೆಂದು ಮೊಮ್ಮಕ್ಕಳ ಜೊತೆ ಜಗಳಕ್ಕೆ ಇಳಿಯುತ್ತಾರಂತೆ. ಇವರಲ್ಲಿ ಯಾರೂ ರೋಗಿಗಳಂತೆ ಕಾಣಲಿಲ್ಲ.

ಅಷ್ಟಕ್ಕೂ ನಗಲು ನಿನಗೇನು ಹಕ್ಕಿದೆ? ಸೈಕ್ಲೋಸ್ಟೈಲ್ ಮಾಡಿದ ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ನಾವೆಲ್ಲ ಮೊದಲ ಪ್ರಶ್ನೆಗೆ ಬೆವರುತ್ತಿದ್ದರೆ, ನೀನು ಆ ಹಾಳೆಯನ್ನು ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದೆ. ಪ್ರಾರ್ಥನೆ ಮಾಡುತ್ತಿದ್ದಾನೆ ಎಂದು ಮೇಷ್ಟ್ರು ತಿಳಿದಿದ್ದರು. ನಾನು ಪಕ್ಕದ ಬೆಂಚಿನಲ್ಲಿದ್ದೆ, ಮರೆಯಬೇಡ.

ಮೊದಲ ಮಳೆಗೆ ನೆನೆದ ಮಣ್ಣನ್ನು ಮಾತ್ರ ಈ ಸಾಲಿಗೆ ಸೇರಿಸಬೇಡ. ಅದನ್ನು ಮೆಚ್ಚಲು ಯಾರಿಗೂ ಸಂಕೋಚವಿಲ್ಲ, ಅದರ ಮೇಲೆ ಕವಿತೆ ಕಟ್ಟಿದವರಿಗೆ ಲೆಕ್ಕವೂ ಇಲ್ಲ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ‘ಪೆಟ್ರಿಕೋರ್’ ಎಂದು ಅದಕ್ಕೆ ನಾಮಕರಣವನ್ನೂ ಮಾಡಿ ಮುಗಿಸಿದ್ದಾರೆ. ನನಗೆ ಅಕ್ಕರೆ ಹೆಸರಿಲ್ಲದ ವಾಸನೆಗಳ ಮೇಲೆ. ಕನ್ನಡದಲ್ಲಿ ಕಂಪಿದೆ, ಘಮವಿದೆ. ಘಾಟು, ಕಮಟು, ಮುಗ್ಗಲು, ನಾತ ಎಂದು ಮೂಗು ಮುಚ್ಚಿಕೊಳ್ಳುವ ವಾಸನೆಗಳಿಗೆ ಇನ್ನೂ ಧಾರಾಳವಾಗಿ ಪದಗಳಿವೆ. ಬಿಸಿಲಿನಲ್ಲಿ ಒಣಗಿದ ಟವೆಲ್ಲಿನ ವಾಸನೆಗೆ ಒಂದು ಪದ ಹೇಳು ನೋಡೋಣ. ಬಿಸಿಲಿನ ವಾಸನೆ ಎನ್ನುತ್ತೇವೆ, ಬಿಸಿಲಿಗೆಲ್ಲಿಯ ವಾಸನೆ! ಒದ್ದೆ ಬಟ್ಟೆಯ ಮೇಲೆ ಬಿಸಿಲು ಬಿದ್ದಾಗ ಆಲ್ಡಿಹೈಡ್, ಕೀಟೋನ್ ಜಾತಿಯ ಸಂಯುಕ್ತಗಳು ಹುಟ್ಟುತ್ತವೆ, ಅತ್ತರಿನ ಶೀಸೆಗಳಲ್ಲಿ ಇರುವಂಥವೇ. ಅದೇ ಟವೆಲನ್ನು ಕೋಣೆಯೊಳಗೆ ಒಣಹಾಕಿದರೆ ಆ ವಾಸನೆ ಬರುವುದಿಲ್ಲ.

ಹಳೆಯ ಪುಸ್ತಕದ ಕತೆ ಇನ್ನೂ ಸ್ವಾರಸ್ಯವಾಗಿದೆ. ಕಾಗದದಲ್ಲಿರುವ ಸೆಲ್ಯುಲೋಸ್ ಮತ್ತು ಲಿಗ್ನಿನ್ ವರ್ಷಗಟ್ಟಲೆ ಸ್ವಲ್ಪಸ್ವಲ್ಪವಾಗಿ ಒಡೆಯುತ್ತಾ ಬರುತ್ತವೆ. ಹಾಗೆ ಒಡೆದಾಗ ಗಾಳಿಗೆ ಸೇರುವವುಗಳಲ್ಲಿ ವೆನಿಲಾಕ್ಕೆ ಪರಿಮಳ ಕೊಡುವ ವೆನಿಲಿನ್ ಕೂಡ ಒಂದು. ಎಂದರೆ ನಾವು ಅಷ್ಟು ಸುಖವಾಗಿ ಮೂಸುವುದು ಪುಸ್ತಕ ಸಾಯುತ್ತಿರುವ ವಾಸನೆಯನ್ನು! ಇನ್ನು ಪೆಟ್ರೋಲಿನ ಆ ಸಿಹಿಗೆ ಬೆಂಜೀನಿನ ಪಾಲೂ ಇದೆ, ಅದು ಕ್ಯಾನ್ಸರ್ ತರುವ ವಸ್ತು. ಅಷ್ಟರ ಮಟ್ಟಿಗೆ ನೀನು ಗೆದ್ದೆ. ಈಗ ಬಂಕಿನಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ. (ಪ್ರತಿ ಸಲವೂ ಎಂದು ಆಣೆ ಮಾಡಲಾರೆ.)

ನಾನು ಹೇಳಲು ಹೊರಟಿದ್ದು ಇದಾವುದೂ ಅಲ್ಲ. ಈಗ ಕಣ್ಣು ಮುಚ್ಚಿ ನಮ್ಮ ತರಗತಿಯನ್ನು ನೆನೆದುಕೊ. ಕರಿಹಲಗೆ ಕಾಣುತ್ತದೆ, ಗಂಟೆಯ ಸದ್ದೂ ಕೇಳಿಸೀತು. ಸೀಮೆಸುಣ್ಣದ ಪುಡಿಯ ವಾಸನೆ? ನನಗಂತೂ ಬರುವುದಿಲ್ಲ. ಕರೆದಾಗ ಬಾರದೆ, ಕರೆಯದಿದ್ದಾಗ ಬಾಗಿಲು ತಟ್ಟದೆ ಒಳಗೆ ಬರುವ ನೆಂಟ ಅದು. ಕಂಡದ್ದು, ಕೇಳಿದ್ದು ಮಿದುಳಿನಲ್ಲಿ ಥಲಾಮಸ್ ಎಂಬ ಕಟ್ಟೆಯನ್ನು ದಾಟಿ ಮುಂದಕ್ಕೆ ಹೋಗಬೇಕು. ವಾಸನೆಗೆ ಆ ಕಟ್ಟೆಯಲ್ಲಿ ಕಾಯುವ ಕೆಲಸವಿಲ್ಲ; ಭಾವನೆ ಮತ್ತು ನೆನಪುಗಳ ಕೇಂದ್ರಗಳಿಗೆ ಅದರ ದಾರಿ ಬಲು ಹತ್ತಿರ. ವಾಸನೆ ಎಬ್ಬಿಸುವ ನೆನಪುಗಳಲ್ಲಿ ನಮಗೆ ಹತ್ತು ವರ್ಷ ತುಂಬುವ ಮೊದಲಿನವೇ ಹೆಚ್ಚು ಎಂದು ಇದರ ಮೇಲೆ ಪ್ರಯೋಗ ಮಾಡಿದವರು ಕಂಡಿದ್ದಾರೆ.

ಹೋದ ಭಾನುವಾರ ಬೀರು ಖಾಲಿ ಮಾಡುತ್ತಿದ್ದೆ. ಕೆಳಗಿನ ಖಾನೆಯಲ್ಲಿ ಅಪ್ಪನ ಬೀಗದ ಕೈಗಳ ಗೊಂಚಲು ಸಿಕ್ಕಿತು. ನಿನಗೆ ನೆನಪಿರಬೇಕು, ಅವರು ಕೆಲಸ ಮಾಡುತ್ತಿದ್ದ ಉಗ್ರಾಣದ ಕೈಗಳೆಲ್ಲ ಅವರ ಹತ್ತಿರವೇ ಇರುತ್ತಿದ್ದವು. ಅವರು ನಡೆದು ಬರುವುದು ಬೀದಿಯ ತುದಿಯಿಂದಲೇ ಕೇಳಿಸುತ್ತಿತ್ತು. ಆ ಬೀಗಗಳೂ ಇಲ್ಲ, ಉಗ್ರಾಣವೂ ಇಲ್ಲ. ಕಬ್ಬಿಣದ ಈ ದಪ್ಪ ಕೈಗಳು ಮಾತ್ರ ಉಳಿದಿವೆ. ಮೂಗಿನ ಹತ್ತಿರ ತಂದೆ, ಏನೂ ಇಲ್ಲ. ಎಸೆಯಲೋ ಇಡಲೋ ಎಂದು ಯೋಚಿಸುತ್ತಾ ಮುಷ್ಟಿಯಲ್ಲಿ ಹಿಡಿದುಕೊಂಡೇ ಉಳಿದ ಖಾನೆಗಳನ್ನು ಒರೆಸಿದೆ. ಸೆಕೆ, ಅಂಗೈ ಬೆವೆತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮುಖದ ಬೆವರು ಒರೆಸಿಕೊಳ್ಳಲು ಅದೇ ಕೈ ಎತ್ತಿದೆ.

ಅಪ್ಪ ಬಂದುಬಿಟ್ಟರು.

ಸಂಜೆ ಕೆಲಸ ಮುಗಿಸಿ ಬಂದವರು ಸದ್ದಾಗದಂತೆ ಗೊಂಚಲನ್ನು ಹೊರಗಿಟ್ಟು, ಹಿಂದಿನಿಂದ ನನ್ನ ಕಣ್ಣು ಮುಚ್ಚುತ್ತಿದ್ದರು. ‘ಯಾರು ಹೇಳು’ ಎಂದು ದನಿ ಬದಲಿಸಿ ಕೇಳುತ್ತಿದ್ದರು. ಗೊಗ್ಗರು ದನಿ, ಮುದುಕಿಯ ದನಿ, ಒಮ್ಮೊಮ್ಮೆ ನಿನ್ನ ದನಿ ಕೂಡ. ನಾನು ಒಂದು ದಿನವೂ ಸೋಲಲಿಲ್ಲ. ಹೇಗೆ ಗೊತ್ತಾಗುತ್ತದೆ ಎಂದು ಅವರಿಗೆ ಆಶ್ಚರ್ಯ. ಕೈಯಲ್ಲಿ ಕಬ್ಬಿಣದ ವಾಸನೆ ಬರುತ್ತದೆ ಎಂಬ ಗುಟ್ಟನ್ನು ನಾನು ಬಿಟ್ಟುಕೊಡಲಿಲ್ಲ.

ಈಗ ಕೇಳು. ಕಬ್ಬಿಣಕ್ಕೆ ವಾಸನೆಯೇ ಇಲ್ಲವಂತೆ. 2006ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಇದು ಸ್ಪಷ್ಟವಾಯಿತು. ಬೆವರು ತಾಗಿದ ಕಬ್ಬಿಣ, ಚರ್ಮದ ಮೇಲಿನ ಎಣ್ಣೆಯ ಅಂಶವನ್ನು ಒಡೆಯುತ್ತದೆ. ಆಗ 1-ಆಕ್ಟೆನ್-3-ಓನ್ ಎಂಬುದೂ ಅದರಂಥ ಇನ್ನು ಕೆಲವೂ ಹುಟ್ಟುತ್ತವೆ. ಲೋಹದ ವಾಸನೆ ಎಂದು ನಾವು ತಿಳಿದಿರುವುದು ಇವನ್ನೇ. ಕಬ್ಬಿಣದ್ದು ಬರೀ ಚಿತಾವಣೆ, ವಾಸನೆ ಮುಟ್ಟಿದವರ ಮೈಯದು. ಅಷ್ಟು ವರ್ಷ ನಾನು ಗುರುತು ಹಿಡಿದದ್ದು ಬೀಗದ ಕೈಯನ್ನಲ್ಲ, ಅಪ್ಪನ ಕೈಯನ್ನೇ. ಭಾನುವಾರ ಬಂದ ವಾಸನೆಯಾದರೋ ನನ್ನದು. ಹಿಂದಿನ ಜನ್ಮದಿಂದ ಅಂಟಿಕೊಂಡು ಬಂದದ್ದಕ್ಕೂ ನಮ್ಮಲ್ಲಿ ವಾಸನೆ ಎಂದೇ ಹೆಸರಲ್ಲವೇ? ಆ ಮಾತು ಯಾಕೋ ಅಂದು ಬಹಳ ಹೊತ್ತು ತಲೆಯಲ್ಲಿ ಸುತ್ತುತ್ತಿತ್ತು.

ಸಂಜೆ ಮಗಳು ಬಾಗಿಲಿಗೆ ಬೆನ್ನು ಮಾಡಿ ಕೂತು ಮೊಬೈಲ್ ನೋಡುತ್ತಿದ್ದಳು. ಹಿಂದಿನಿಂದ ಹೋಗಿ ಕಣ್ಣು ಮುಚ್ಚಿದೆ. ದನಿ ಬದಲಿಸಿ, ಯಾರು ಹೇಳು ಎಂದೆ. ‘ಅಪ್ಪಾ, ಕೈಯೆಲ್ಲ ತುಕ್ಕಿನ ವಾಸನೆ, ಮೊದಲು ತೊಳೆದುಕೊ’ ಎಂದಳು.

ತೊಳೆದುಕೊಂಡೆ. ಗೊಂಚಲನ್ನು ಎಸೆಯಲಿಲ್ಲ, ಮೇಜಿನ ಖಾನೆಯಲ್ಲಿದೆ. ನೀನು ಬಂದಾಗ ಕೈಗೆ ಕೊಡುತ್ತೇನೆ, ಒಂದೈದು ನಿಮಿಷ ಗಟ್ಟಿಯಾಗಿ ಹಿಡಿದುಕೊ. ನಿನಗೆ ನಿನ್ನ ವಾಸನೆಯೇ ಬರುತ್ತದೆ, ಗೊತ್ತು. ಆದರೂ ಅಪ್ಪನನ್ನು ನೀನೂ ನೋಡಿದ್ದವನಲ್ಲವೇ?

ನಿನ್ನ,
ಪಕ್ಕದ ಬೆಂಚಿನವನು