ಮನಸ್ಸಿನ ಮಾತಿಗೆ ತುಟಿ ಅಲ್ಲಾಡುವುದಿಲ್ಲ: ಕರ್ನಾಟಕದ 28 ಲೋಕಸಭಾ ಸದಸ್ಯರಿಗೆ ಧಾರಾವಾಹಿ ಅಭಿಮಾನಿಗಳ ಬಹಿರಂಗ ಪತ್ರ

ಮಾನ್ಯರೇ,

ಧಾರಾವಾಹಿ ಎಂದೊಡನೆ ಮೂಗು ಮುರಿಯುವ ಅಭ್ಯಾಸ ನಿಮಗಿದ್ದರೆ ಈ ಪತ್ರ ಮುಗಿಯುವವರೆಗೆ ಸ್ವಲ್ಪ ತಡೆದುಕೊಳ್ಳಿ. ನಾವು ಕೇಳುತ್ತಿರುವುದು ಕಥೆ ಬದಲಿಸಿ ಎಂದಲ್ಲ, ವಿಲನ್‌ಗಳಿಗೆ ಬೇಗ ಶಿಕ್ಷೆ ಕೊಡಿಸಿ ಎಂದೂ ಅಲ್ಲ (ಅದು ನಿಮ್ಮ ಕೈಲೂ ಆಗದು). ಕನ್ನಡ ಧಾರಾವಾಹಿಗಳಿಗೆ ಕನ್ನಡದಲ್ಲೇ ಸಬ್‌ಟೈಟಲ್ ಬೇಕು. ಅದಕ್ಕಾಗಿ ಸಂಸತ್ತಿನಲ್ಲಿ ನೀವು ಒಂದು ಪ್ರಶ್ನೆ ಕೇಳಬೇಕು.

2011ರ ಜನಗಣತಿಯ ಪ್ರಕಾರವೇ ರಾಜ್ಯದಲ್ಲಿ ಶ್ರವಣದೋಷ ಇರುವವರು ಎರಡು ಲಕ್ಷಕ್ಕೂ ಹೆಚ್ಚು. ವಯಸ್ಸಾಗಿ ಕಿವಿ ಮಂದವಾದರೂ ‘ನನಗೇನೂ ಆಗಿಲ್ಲ, ವಾಲ್ಯೂಮ್ ಜಾಸ್ತಿ ಮಾಡು’ ಎನ್ನುವ ಅಜ್ಜ ಅಜ್ಜಿಯರು ಇದರಾಚೆ. ತುಟಿ ನೋಡಿ ಮಾತು ಹಿಡಿಯುವವರು ಸುದ್ದಿಯನ್ನು ಹೇಗೋ ನಿಭಾಯಿಸಿಯಾರು. ಧಾರಾವಾಹಿ ಅವರನ್ನು ಸೋಲಿಸುತ್ತದೆ, ಏಕೆಂದರೆ ಅಲ್ಲಿ ಮುಖ್ಯವಾದ ಮಾತುಗಳನ್ನು ಆಡುವಾಗ ಬಾಯಿ ಮುಚ್ಚಿರುತ್ತದೆ. ‘ಅಮೃತಧಾರೆ’ಯ ಶಕುಂತಲಾ, ಮಗ ಗೌತಮ್ ಎದುರು ಅಕ್ಕರೆಯ ಅಮ್ಮ. ಕ್ಯಾಮೆರಾ ಅವಳ ಮುಖಕ್ಕೆ ಹತ್ತಿರ ಹೋಗುತ್ತದೆ, ತುಟಿಯಲ್ಲಿ ನಗು ಹಾಗೇ ಇರುತ್ತದೆ, ಸಂಚೆಲ್ಲ ಹಿನ್ನೆಲೆ ದನಿಯಲ್ಲಿ ಬರುತ್ತದೆ. ಸೋಫಾದ ಮೇಲಿದ್ದವರೆಲ್ಲ ಅವಳಿಗೆ ಹಿಡಿಶಾಪ ಹಾಕುವಾಗ, ಕಿವಿ ಕೇಳದವರಿಗೆ ಕಾಣುವುದು ಮಗನನ್ನು ಪ್ರೀತಿಯಿಂದ ನೋಡುತ್ತಿರುವ ತಾಯಿ ಮಾತ್ರ.

‘ಲಕ್ಷ್ಮೀ ನಿವಾಸ’ದ ಜಯಂತ್ ಇನ್ನೂ ಕಷ್ಟ. ಹೆಂಡತಿ ಜಾಹ್ನವಿಯನ್ನು ಅವನು ‘ಚಿನ್ನುಮರಿ’ ಎಂದು ಕರೆದಾಗ ನೋಡುಗರು ಮುದ್ದಿಗೆ ಕರಗಬೇಕೋ ಬೆಚ್ಚಬೇಕೋ ಎನ್ನುವುದು ದನಿಯ ಏರಿಳಿತದಿಂದಲೇ ತಿಳಿಯಬೇಕು. ಅಲ್ಲಿ ಬರೀ ಮಾತನ್ನು ಟೈಪ್ ಮಾಡಿದರೆ ಸಾಲದು, ಪಕ್ಕದಲ್ಲಿ (ದನಿ ತಗ್ಗಿಸಿ) ಎಂಬ ಸೂಚನೆಯೂ ಇರಬೇಕು. ಬಾಗಿಲ ಮರೆಯಲ್ಲಿ ನಿಂತು ಕದ್ದು ಕೇಳುವ ದೃಶ್ಯ, ಫೋನಿನ ಆಚೆ ತುದಿಯ ದನಿ, ಬೆನ್ನು ತಿರುಗಿಸಿ ಆಡಿದ ಮಾತು, ಇವಕ್ಕೂ ಇದೇ ಗತಿ.

ಕಾನೂನು ಇಲ್ಲವೆಂದಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 42ನೇ ಸೆಕ್ಷನ್ ಟಿವಿಯಲ್ಲಿ ಕ್ಯಾಪ್ಷನ್, ಸಂಜ್ಞಾ ಭಾಷೆ, ದೃಶ್ಯ ವಿವರಣೆಗೆ ಕ್ರಮ ಕೈಗೊಳ್ಳಲು ಸರ್ಕಾರಕ್ಕೆ ಹೇಳುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಶ್ರವಣದೋಷವುಳ್ಳವರಿಗಾಗಿ ಟಿವಿ ಕಾರ್ಯಕ್ರಮಗಳ ಮಾನದಂಡವನ್ನೂ ಹೊರಡಿಸಿತು. ಮನರಂಜನಾ ವಾಹಿನಿ ವಾರಕ್ಕೆ ಒಂದು ಕಾರ್ಯಕ್ರಮದಿಂದ ಆರಂಭಿಸಿ ಹಂತಹಂತವಾಗಿ ಹೆಚ್ಚಿಸಬೇಕು ಎಂಬುದು ಅದರ ತಿರುಳು. ತೊಡಕಿರುವುದು ಎಣಿಕೆಯಲ್ಲಿ. ಮನೆಮಂದಿ ಒಟ್ಟಿಗೆ ಕೂತು ನೋಡುವ ರಾತ್ರಿಯ ಕಂತಿಗೂ ಯಾರೂ ನೋಡದ ಹೊತ್ತಿನ ಕಾರ್ಯಕ್ರಮಕ್ಕೂ ಒಂದೇ ಬೆಲೆ ಸಿಕ್ಕರೆ, ವಾಹಿನಿ ಸುಲಭದ ದಾರಿ ಹಿಡಿಯುವುದು ಸಹಜ.

‘ದಿನದ ಧಾರಾವಾಹಿಗೆ ಟೈಮ್ ಎಲ್ಲಿದೆ?’ ಎಂಬ ಉತ್ತರ ನಿಮಗೆ ಬಂದೇ ಬರುತ್ತದೆ. ಅದರಲ್ಲಿ ಅರ್ಧ ನಿಜ. ಬ್ಯಾಂಕಿಂಗ್ (ಮುಂಚಿತವಾಗಿ ಚಿತ್ರೀಕರಿಸಿಟ್ಟ ಕಂತುಗಳ ದಾಸ್ತಾನು) ಕಡಿಮೆ ಇದ್ದಾಗ ಎಡಿಟಿಂಗ್ ಮುಗಿದು ಕಂತು ಪ್ರಸಾರಕ್ಕೆ ಹೋಗುವ ನಡುವೆ ಉಸಿರಾಡಲೂ ಬಿಡುವಿರುವುದಿಲ್ಲ. ಆದರೆ ರಾತ್ರಿಯ ಕಂತು ಮರುದಿನ ಮರುಪ್ರಸಾರ ಆಗುತ್ತದಲ್ಲ? ಅಲ್ಲಿಂದ ಆರಂಭಿಸಲಿ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೆ ಉಳಿಯುವುದು ಇಪ್ಪತ್ತೆರಡು ನಿಮಿಷದ ಆಸುಪಾಸು. ಸಂಭಾಷಣೆ ಹೇಗೂ ಬರಹದಲ್ಲಿ ಇರುತ್ತದೆ. ಸೆಟ್‌ನಲ್ಲಿ ಕಲಾವಿದರು ಬದಲಿಸಿದ ಮಾತುಗಳನ್ನು ಅಂತಿಮ ಎಡಿಟ್‌ಗೆ ಹೊಂದಿಸಿ, ಸಾಲು ಒಡೆದು, ಟೈಮಿಂಗ್ ಕೂರಿಸುವುದು ಕೈ ಪಳಗಿದವರಿಗೆ ಕೆಲವೇ ಗಂಟೆಗಳ ಕೆಲಸ. ಮಹಾ ತಿರುವಿನ ವಾರಗಳಲ್ಲಿ ಪ್ರೋಮೊಗೆ ಸುರಿಯುವ ಶ್ರಮದ ಮುಂದೆ ಇದು ಏನೂ ಅಲ್ಲ.

ಕೆಡುವುದು ಎಲ್ಲಿ ಎನ್ನುವುದನ್ನೂ ಹೇಳಿಬಿಡುತ್ತೇವೆ, ಏಕೆಂದರೆ ಕೆಟ್ಟ ಸಬ್‌ಟೈಟಲ್ ತೋರಿಸಿ ‘ಜನರಿಗೆ ಬೇಡವಂತೆ’ ಎಂದು ಕೈತೊಳೆದುಕೊಳ್ಳುವುದು ಸುಲಭ. ಇಂಗ್ಲಿಷ್‌ಗೆ ಅಳೆದಿಟ್ಟ ಅಳತೆಯಲ್ಲಿ ಕನ್ನಡ ಕೂರುವುದಿಲ್ಲ. ‘ಲಕ್ಷ್ಮೀ’ ಎಂಬ ಹೆಸರನ್ನೇ ನೋಡಿ: ‘ಕ್ಷ್ಮೀ’ಯಲ್ಲಿ ಮೇಲೆ ಗುಡಿಸು, ಕೆಳಗೆ ಎರಡು ಒತ್ತು. ಸಾಲಿನ ಅಂತರ ಕಿರಿದಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರ ಜೋಡಿಸಲು ಬಾರದ ಸಾಫ್ಟ್‌ವೇರ್ ಆದರಂತೂ ಒತ್ತು ಬಿಡಿಬಿಡಿಯಾಗಿ ಸಾಲಿನ ಮೇಲೇ ಬಂದು ಕೂರುತ್ತದೆ. ಹಾಗಾಗಿ ಮೊದಲ ದಿನಗಳಲ್ಲಿ ಸೆಟ್ ಟಾಪ್ ಬಾಕ್ಸ್ ನಂಬದೆ, ಅಕ್ಷರಗಳನ್ನು ಚಿತ್ರದ ಮೇಲೇ ಅಚ್ಚೊತ್ತಿ ಕಳುಹಿಸುವುದು ಕ್ಷೇಮ. ಒಮ್ಮೆಗೆ ಎರಡೇ ಸಾಲು, ಒಂದು ಸೆಕೆಂಡಿಗಿಂತ ಕಡಿಮೆ ಇಲ್ಲ, ಏಳಕ್ಕಿಂತ ಹೆಚ್ಚಿಲ್ಲ. ಮನಸ್ಸಿನ ಮಾತಿಗೆ ಬೇರೆ ಬಣ್ಣ ಇರಲಿ, ಓರೆ ಅಕ್ಷರ ಕನ್ನಡದಲ್ಲಿ ಕಣ್ಣಿಗೆ ಹಿಂಸೆ. ತೆರೆಯಲ್ಲಿ ಕಾಣದವರು ಮಾತಾಡಿದರೆ ಮೊದಲು ಅವರ ಹೆಸರು ಬರಲಿ. ಮುಂದಿನ ಧಾರಾವಾಹಿಯ ನಾಯಕ ಪರದೆಯ ಕೆಳಮೂಲೆಯಿಂದ ಎದ್ದು ಬಂದು ಕೈಕಟ್ಟಿ ನಿಲ್ಲುವ ಆ ಪಟ್ಟಿಯನ್ನು ಮಾತಿನ ನಡುವೆ ಹಾಕಬಾರದು. ಸಬ್‌ಟೈಟಲ್ ಇರಬೇಕಾದ ಜಾಗ ಅದೇ.

‘ಭಾಗ್ಯಲಕ್ಷ್ಮೀ’ಯ ಕುಸುಮಾ ಸೊಸೆಯ ಪರ ನಿಂತು ಮಗ ತಾಂಡವ್‌ಗೆ ಬಿಡಿಸಿ ಬಿಡಿಸಿ ಬೈಯುವಾಗ ಪೂರ್ತಿ ಮಾತು ಹಾಕಿದರೆ ಯಾರೂ ಓದಿ ಮುಗಿಸಲಾರರು. ಮತ್ತೆ ಮತ್ತೆ ಬರುವ ಸಂಬೋಧನೆ, ಪುನರುಕ್ತಿ ಕಿತ್ತು ಚುಚ್ಚುಮಾತನ್ನು ಉಳಿಸಬೇಕು. ಹಾಗೆಯೇ ‘ಅಣ್ಣಯ್ಯ’ದ ಶಿವು ಮತ್ತವನ ನಾಲ್ವರು ತಂಗಿಯರ ಹಳ್ಳಿಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬಾರದು. ‘ಬತ್ತೀನಿ’ ಎಂದವನ ಬಾಯಿಗೆ ‘ಬರುತ್ತೇನೆ’ ತುರುಕಿದರೆ ಆ ಮನೆಯ ವಾತಾವರಣವೇ ಹೋಯಿತು. ಯಂತ್ರಕ್ಕೆ ಕೇಳಿಸಿ ತಾನಾಗಿ ಬರೆಸಿದಾಗ ಎಡವುವುದೂ ಇಂಥಲ್ಲೇ. ಹಿನ್ನೆಲೆ ಸಂಗೀತ ಜೋರಾದರಂತೂ ಮುಗಿಯಿತು.

ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು ಎಂಬುದನ್ನು ನಿಮಗೆ ನಾವು ಹೇಳಬೇಕಿಲ್ಲ. ಪ್ರಶ್ನೆಯ ಒಕ್ಕಣೆ ಹೀಗಿರಲಿ: 2019ರ ಮಾನದಂಡದಂತೆ ಪ್ರತಿ ಕನ್ನಡ ಮನರಂಜನಾ ವಾಹಿನಿ ಯಾವ ಕಾರ್ಯಕ್ರಮಕ್ಕೆ, ಯಾವ ಸಮಯದಲ್ಲಿ, ಯಾವ ಭಾಷೆಯಲ್ಲಿ ಸಬ್‌ಟೈಟಲ್ ನೀಡುತ್ತಿದೆ? ಅದನ್ನು ಪರಿಶೀಲಿಸಿದವರು ಯಾರು, ಕೊನೆಯ ಬಾರಿ ಯಾವಾಗ? ರಾತ್ರಿ ಏಳರಿಂದ ಹತ್ತರ ನಡುವಿನ ಧಾರಾವಾಹಿಗಳಿಗೆ ಮತ್ತು ಅವುಗಳ ಮರುಪ್ರಸಾರಕ್ಕೆ ಪ್ರತ್ಯೇಕ ಗುರಿ ನಿಗದಿಪಡಿಸುವ ಪ್ರಸ್ತಾವ ಇದೆಯೇ? ಇಲ್ಲದಿದ್ದರೆ ಏಕಿಲ್ಲ?

ಇಪ್ಪತ್ತೆಂಟರಲ್ಲಿ ಒಬ್ಬರು ನೋಟಿಸ್ ಕೊಟ್ಟರೂ ಸಾಕು. ಉತ್ತರ ಬಂದ ದಿನ ಅದರ ಪ್ರತಿಯನ್ನು ದಯವಿಟ್ಟು ಕನ್ನಡದಲ್ಲೂ ಪ್ರಕಟಿಸಿ.

ಇಂತಿ,
ಕನ್ನಡ ಧಾರಾವಾಹಿಗಳ ನಿತ್ಯದ ವೀಕ್ಷಕರು