ಮರಳಿನ ಆಟ ನಿಲ್ಲಿಸಿದ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ದಡಕ್ಕೆ ಡಾಂಬರಿನಂಥ ಎಣ್ಣೆ ಜಿಡ್ಡಿನ ಉಂಡೆಗಳು ಬಂದಿರುವುದರಿಂದ ಸೋಮವಾರದಿಂದ ಕಬಡ್ಡಿ ಮಕ್ಕಳನ್ನು ಕಡಲ ಬದಿಯ ಮರಳಿಗೆ ಕಳಿಸುತ್ತಿಲ್ಲ. ಇದರಿಂದ ನಿಮ್ಮಲ್ಲಿ ತುಂಬ ಜನರಿಗೆ ಬೇಸರವಾಗಿದೆ. ಕೆಲವರು ಶಾಲೆಗೇ ಬಂದು ಹೇಳಿದಿರಿ, ಕೆಲವರು ಫೋನ್ ಮಾಡಿದಿರಿ. ವಲಯ ಮಟ್ಟದ ಪಂದ್ಯ ಹತ್ತಿರ ಬಂತು. ಶಾಲೆಯ ಮೈದಾನ ಮಳೆಗೆ ಕೆಸರುಗದ್ದೆಯಾಗಿದೆ. ನೀರು ನಿಲ್ಲದ ಜಾಗ ಅಂತ ಇರುವುದು ಆ ಮರಳು ಒಂದೇ. ಅದೂ ಬೇಡ ಅಂದರೆ ಮಕ್ಕಳು ಎಲ್ಲಿ ಆಡಬೇಕು? ನಿಮ್ಮ ಪ್ರಶ್ನೆ ನ್ಯಾಯವಾದದ್ದೇ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇನೆ. ಹೋದ ಶುಕ್ರವಾರ ಆಟ ಮುಗಿಯುವಾಗ ಏಳೆಂಟು ಮಕ್ಕಳ ಕಾಲಿಗೆ ಡಾಂಬರಿನಂಥ ಜಿಡ್ಡು ಮೆತ್ತಿಕೊಂಡಿತ್ತು. ನೀರಲ್ಲಿ ತೊಳೆದರೆ ಹೋಗಲಿಲ್ಲ. ದೊಡ್ಡ ಹುಡುಗರು ದೋಣಿಯೊಂದರಿಂದ ಸೀಮೆಎಣ್ಣೆ ತಂದು, ಬಟ್ಟೆಯಲ್ಲಿ ಅದ್ದಿ ಚಿಕ್ಕವರ ಕಾಲು ತಿಕ್ಕಿದರು. ಸಹಾಯ ಮಾಡುವ ಮನಸ್ಸಿನಿಂದಲೇ ಮಾಡಿದ್ದು. ಆರನೇ ತರಗತಿಯ ಒಬ್ಬ ಹುಡುಗಿಯ ಪಾದ ರಾತ್ರಿಯೊಳಗೆ ಕೆಂಪಾಗಿ ಗುಳ್ಳೆ ಎದ್ದವು. ಆ ಹೊತ್ತಿಗೆ ನಮ್ಮ ಶಿಕ್ಷಕರೊಬ್ಬರು ಅಲ್ಲಿ ಇರಬೇಕಿತ್ತು, ಇರಲಿಲ್ಲ. ಅದರ ಹೊಣೆ ನನ್ನದು. ಹುಡುಗಿ ಈಗ ಆರಾಮಾಗಿದ್ದಾಳೆ, ಶಾಲೆಗೆ ಬರುತ್ತಿದ್ದಾಳೆ. ಆಕೆಯ ಮನೆಗೆ ನಾನೇ ಹೋಗಿ ಬಂದೆ.

"ನಾವೂ ಇದೇ ಮರಳಲ್ಲಿ ಆಡಿ, ಇದೇ ಸೀಮೆಎಣ್ಣೆಯಲ್ಲಿ ಕಾಲು ತೊಳೆದು ದೊಡ್ಡವರಾದೆವು, ನಮಗೇನಾಗಿದೆ ಟೀಚರ್?" ಅಂತ ಒಬ್ಬರು ಕೇಳಿದರು. ನಿಜ, ಮಳೆಗಾಲ ಹತ್ತಿರ ಬಂದಾಗ ಈ ಉಂಡೆಗಳು ದಡಕ್ಕೆ ಬರುವುದು ನಮ್ಮ ಕರಾವಳಿಗೆ ಹೊಸದಲ್ಲ. ದೂರದಲ್ಲಿ ಹೋಗುವ ಹಡಗಿನಿಂದ ಸೋರಿದ ಎಣ್ಣೆ, ಟ್ಯಾಂಕ್ ತೊಳೆದು ಸಮುದ್ರಕ್ಕೆ ಬಿಟ್ಟ ಎಣ್ಣೆ ಬಿಸಿಲಿಗೆ ಗಟ್ಟಿಯಾಗುತ್ತದೆ. ಅಲೆ ಅದನ್ನು ಒಡೆದು ಉಂಡೆ ಮಾಡುತ್ತದೆ. ನೈರುತ್ಯದ ಗಾಳಿ ತಂದು ನಮ್ಮ ದಡಕ್ಕೆ ಹಾಕುತ್ತದೆ. ಬಲೆಗೆ ಮೆತ್ತಿದರೆ ನಿಮಗೆ ಎಷ್ಟು ಕಷ್ಟ ಅಂತ ನಾನು ಹೇಳಬೇಕಾಗಿಲ್ಲ.

ಒಮ್ಮೆ ಕಾಲಿಗೆ ತಾಗಿದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಅದನ್ನು ನಾನೂ ಒಪ್ಪುತ್ತೇನೆ. ಆದರೆ ಕೆಲವರ ಚರ್ಮಕ್ಕೆ ಅದು ಆಗಿಬರುವುದಿಲ್ಲ, ತುರಿಕೆ, ದದ್ದು ಬರುತ್ತದೆ. ಯಾವ ಮಗುವಿಗೆ ಅಂತ ಮೊದಲೇ ಗೊತ್ತಾಗುವುದಿಲ್ಲ. ಕಬಡ್ಡಿ ಅಂದರೆ ಒಂದು ಗಂಟೆ ಬರಿಗಾಲು, ಮಂಡಿ ತರಚುವುದು, ಮುಖ ಅಡಿಯಾಗಿ ಮರಳಿಗೆ ಬೀಳುವುದು. ಗಾಯದ ಮೇಲೆ ಆ ಜಿಡ್ಡು ಬೇಡ ಅಲ್ವಾ? ಎಣ್ಣೆ ಹೊಸದಾಗಿದ್ದರೆ ಇನ್ನೂ ಕಷ್ಟ. ಅದರ ಆವಿಗೆ ತಲೆನೋವು, ವಾಕರಿಕೆ, ಕಣ್ಣುರಿ ಬರುತ್ತದೆ. ಆ ಆವಿಯಲ್ಲಿ ಬೆಂಜೀನ್ ಇರುತ್ತದೆ. ತುಂಬಾ ದಿನ ಉಸಿರಾಡಿದರೆ ರಕ್ತದ ಕ್ಯಾನ್ಸರ್ ತರಬಲ್ಲ ವಸ್ತು ಅದು. ಮಕ್ಕಳು ತಮ್ಮ ಮೈತೂಕಕ್ಕೆ ಹೋಲಿಸಿದರೆ ನಮಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ, ನೆಲಕ್ಕೂ ಹತ್ತಿರ ಇರುತ್ತಾರೆ.

2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಚೆನ್ನೈ ಪಕ್ಕದ ಎನ್ನೂರು ಅಳಿವೆಗೆ ಎಣ್ಣೆ ನುಗ್ಗಿತು. ಅಲ್ಲಿನ ಮೀನುಗಾರರು ಮಗ್ಗು, ಬಕೆಟ್ ಹಿಡಿದು ಬರಿಗೈಯಲ್ಲೇ ಎಣ್ಣೆ ಎತ್ತಿದರು. ಆಮೇಲೆ ತುರಿಕೆ, ಕಣ್ಣುರಿ, ಉಸಿರಾಟದ ತೊಂದರೆ ಅಂತ ಎಷ್ಟೋ ಮನೆಯವರು ಹೇಳಿಕೊಂಡರು. 2007ರಲ್ಲಿ ದಕ್ಷಿಣ ಕೊರಿಯಾದ ತೇಆನ್ ಎಂಬಲ್ಲಿ ಹಡಗಿನಿಂದ ಸುಮಾರು 10,900 ಟನ್ ಕಚ್ಚಾ ತೈಲ ಚೆಲ್ಲಿತ್ತು. ಆ ದಡಕ್ಕೆ ಹತ್ತಿರ ಇದ್ದ ಮಕ್ಕಳಲ್ಲಿ ಉಬ್ಬಸ ಹೆಚ್ಚು ಎಂದು ನಂತರ ವೈದ್ಯರು ಕಂಡುಕೊಂಡರು. ನಮ್ಮಲ್ಲಿ ಬಂದಿರುವುದು ಅಷ್ಟು ದೊಡ್ಡದಲ್ಲ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಆದರೆ 2022ರ ಜೂನ್‌ನಲ್ಲಿ ಉಳ್ಳಾಲದ ಎದುರು ಹಡಗು ಮುಳುಗಿದಾಗ ನಾವೆಲ್ಲ ಎಣ್ಣೆ ಎಲ್ಲಿ ಬರುತ್ತದೋ ಅಂತ ದಡ ನೋಡುತ್ತಾ ಕೂತಿದ್ದು ನೆನಪಿದೆಯಲ್ಲ.

ಇನ್ನೊಂದು ಮಾತು. ಇದು ನನಗೆ ನಿಜವಾಗಿ ನೋವು ತಂದದ್ದು. "ಶಾಲೆಯವರು ಮೀನು ವಿಷ ಅನ್ನುತ್ತಿದ್ದಾರೆ" ಎಂದು ಸುದ್ದಿ ಹಬ್ಬಿದೆ. ನಾವು ಹಾಗೆ ಹೇಳಿಲ್ಲ. ತರಗತಿಯಲ್ಲಿ ಹೇಳಿಲ್ಲ, ಪ್ರಾರ್ಥನೆ ಹೊತ್ತಿನಲ್ಲೂ ಹೇಳಿಲ್ಲ. ನಿಮ್ಮ ದುಡಿಮೆ ಏನು, ಅದರ ಬೆಲೆ ಏನು ಅಂತ ನಮಗೆ ಗೊತ್ತು. ಈ ಶಾಲೆಯ ಅರ್ಧ ಕಟ್ಟಡ ಮೀನು ಮಾರಿದ ದುಡ್ಡಿನಲ್ಲಿ ಎದ್ದದ್ದು. ವಿಜ್ಞಾನದ ಶಿಕ್ಷಕರು ಹೇಳಿದ್ದು ಇಷ್ಟು: ಜಿಡ್ಡು ಮೆತ್ತಿದ ಕಲ್ಲಿನಿಂದ ಕಿತ್ತ ಪಚ್ಚಿಲೆ, ಅಲ್ಲಿನ ಮರುವಾಯಿ, ಈ ಚಿಪ್ಪಿನ ಜೀವಿಗಳನ್ನು ತಿನ್ನುವುದು ಸ್ವಲ್ಪ ದಿನ ಬಿಡಿ ಅಂತ. ಅವು ನೀರನ್ನು ಸೋಸಿ ತಿನ್ನುವ ಜೀವಿಗಳು, ಎಣ್ಣೆಯ ಅಂಶ ಅವುಗಳ ಮೈಯಲ್ಲಿ ಉಳಿದುಬಿಡುತ್ತದೆ. ಮೀನು ಹಾಗಲ್ಲ, ಅದು ಬೇಗ ಹೊರಹಾಕುತ್ತದೆ. ಕಡಲಿನ ಮೇಲೆ, ಕಡಲಿನವರ ಮೇಲೆ ನಮಗೆ ದೂರಿಲ್ಲ. ನಮ್ಮ ನಿಯಮ ಜಿಡ್ಡು ಬಂದ ದಿನಕ್ಕೆ ಮಾತ್ರ. ದಡ ಶುಚಿಯಾದ ದಿನ ನಾನೇ ಮಕ್ಕಳ ಜೊತೆ ಮರಳಿಗೆ ಬರುತ್ತೇನೆ.

ಅಲ್ಲಿಯವರೆಗೆ ನಿಯಮ ಬದಲಾಗುವುದಿಲ್ಲ. ಪಂದ್ಯ ಬಂದರೂ ಇಲ್ಲ, ಒಬ್ಬಿಬ್ಬರಿಗೆ ವಿನಾಯಿತಿಯೂ ಇಲ್ಲ. ದಯವಿಟ್ಟು ಬೇಸರ ಮಾಡಬೇಡಿ. ಪ್ರತಿದಿನ ಬೆಳಿಗ್ಗೆ ದೈಹಿಕ ಶಿಕ್ಷಕರು ಹೋಗಿ ದಡ ನೋಡಿ ಬರುತ್ತಾರೆ. ಅವತ್ತು ಮರಳು ಉಂಟೋ ಇಲ್ಲವೋ ಅಂತ ಗೇಟಿನ ಬೋರ್ಡಿನಲ್ಲಿ ಬರೆಯುತ್ತಾರೆ. ಉಂಡೆಗಳನ್ನು ತೆಗೆಸಲು ಪಂಚಾಯಿತಿಗೆ ಪತ್ರ ಕೊಟ್ಟಿದ್ದೇವೆ. ಮಕ್ಕಳಿಂದ ಹೆಕ್ಕಿಸುವುದಿಲ್ಲ.

ಸೀಮೆಎಣ್ಣೆ, ಪೆಟ್ರೋಲ್ ಮಾತ್ರ ಬೇಡವೇ ಬೇಡ. ಜಿಡ್ಡು ಹೋಗುತ್ತದೆ, ಜೊತೆಗೆ ಚರ್ಮದ ಪಸೆಯನ್ನೂ ಎಳೆದುಕೊಂಡು ಹೋಗುತ್ತದೆ. ಬಾಟಲಿಯಲ್ಲಿಟ್ಟದ್ದನ್ನು ಚಿಕ್ಕ ಮಗು ನೀರು ಅಂತ ಕುಡಿದರೆ ಶ್ವಾಸಕೋಶಕ್ಕೇ ಇಳಿಯಬಹುದು. ಆಗ ವಾಂತಿ ಮಾಡಿಸಲು ಹೋಗಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಾಲಿನ ಜಿಡ್ಡಿಗೆ ತೆಂಗಿನೆಣ್ಣೆ ಸಾಕು. ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಮೆತ್ತಗಾದ ಮೇಲೆ ಹಳೇ ಬಟ್ಟೆಯಲ್ಲಿ ಒರೆಸಿ, ಸೋಪು ಹಾಕಿ ತೊಳೆಯಿರಿ. ನಮ್ಮ ಅಡುಗೆಯವರು ಒಂದು ಬಾಟಲಿ ತೆಂಗಿನೆಣ್ಣೆಯನ್ನು ಆಫೀಸಿನಲ್ಲಿ ಇಟ್ಟಿದ್ದಾರೆ.

ನಿಮ್ಮಲ್ಲಿ ಕೇಳುವುದು ಒಂದೇ: ಬೋರ್ಡಿನಲ್ಲಿ ಇಲ್ಲ ಅಂತ ಇದ್ದ ದಿನ, ಶಾಲೆ ಬಿಟ್ಟ ಮೇಲೂ ಮಕ್ಕಳನ್ನು ಮರಳಿಗೆ ಬಿಡಬೇಡಿ.

ಭಜನಾ ಮಂದಿರದವರು ತಮ್ಮ ಶೀಟಿನ ಚಪ್ಪರವನ್ನು ಬಿಟ್ಟುಕೊಟ್ಟಿದ್ದಾರೆ, ಅವರಿಗೆ ತುಂಬಾ ಉಪಕಾರ. ನಾಳೆಯಿಂದ ಸಂಜೆ 4ರಿಂದ 5.30ರವರೆಗೆ ಅಭ್ಯಾಸ ಅಲ್ಲೇ. ನೆಲ ಗಟ್ಟಿ ಇದೆ, ಮನೆಯಲ್ಲಿ ಹಳೇ ಚಾಪೆ, ಹಾಸಿಗೆ ಇದ್ದರೆ ಕಳಿಸಿ.

ನಿಮ್ಮ,
ಮುಖ್ಯ ಶಿಕ್ಷಕಿ