ಊದಿದ ಚೀಟಿ ಓದದೆ ತಪ್ಪೊಪ್ಪಿಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ಗೋವಾದಿಂದ ಮಾಜಾಳಿ ಗಡಿ ದಾಟಿ ಬರುವಾಗ ಪೊಲೀಸರು ಯಂತ್ರಕ್ಕೆ ಊದಿಸಿ, ಕುಡಿದು ಓಡಿಸಿದ ಕೇಸು ಹಾಕಿದರೆ, ‘ಕೋರ್ಟಿನಲ್ಲಿ ಹತ್ತು ಸಾವಿರ ಕಟ್ಟಿ ಗಾಡಿ ಬಿಡಿಸಿಕೊಂಡು ಬಾ’ ಎಂಬ ಸಲಹೆ ಕಾರವಾರದಲ್ಲಿ ಪುಕ್ಕಟೆ ಸಿಗುತ್ತದೆ. ದಂಡದ ಬೆನ್ನಿಗೆ ಏನು ಬರುತ್ತದೆಂದು ಯಾರೂ ಹೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಮೊದಲ ಸಲಕ್ಕೆ 10,000 ರೂ. ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಶಿಕ್ಷೆಯಾದರೆ 20ನೇ ಕಲಮಿನಂತೆ ಕನಿಷ್ಠ ಆರು ತಿಂಗಳು ಲೈಸನ್ಸ್ ಅನರ್ಹ. ಮೀನಿನ ಲಾರಿ, ಟೆಂಪೊ ಓಡಿಸಿ ಹೊಟ್ಟೆ ಹೊರೆಯುವವನಿಗೆ ಇದೇ ದೊಡ್ಡ ಪೆಟ್ಟು. ತಪ್ಪೊಪ್ಪಿಕೊಂಡ ಮೇಲೆ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಾಯಿತೇ, ಕಾನೂನಿಗೆ ಸರಿಯೇ ಎಂದಷ್ಟೇ ಕೇಳಬಹುದು. ಅಪಘಾತವೂ ಆಗಿದ್ದರೆ ವಿಮಾ ಕಂಪನಿ ಅದೇ ತಪ್ಪೊಪ್ಪಿಗೆ ಹಿಡಿದುಕೊಂಡು ಕೂರುತ್ತದೆ.

ಗಾಡಿಗಾಗಿಯೇ ತಪ್ಪೊಪ್ಪಿಕೊಳ್ಳಬೇಕಿಲ್ಲ. ಆರ್‌ಸಿ, ವಿಮೆಯ ಪ್ರತಿ ಇಟ್ಟು ಮಧ್ಯಂತರ ಸುಪರ್ದಿಗೆ, ಅಂದರೆ ಕೇಸು ಮುಗಿಯುವವರೆಗೆ ಗಾಡಿ ನಮ್ಮ ವಶಕ್ಕೆ ಕೊಡಿ ಎಂದು, ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಬಹುದು.

ಇನ್ನು ಊದಿದ ಯಂತ್ರ ಅಚ್ಚು ಹಾಕಿ ಕೊಡುವ ಚೀಟಿ. 100 ಮಿ.ಲೀ. ರಕ್ತಕ್ಕೆ ಮದ್ಯಸಾರ 30 ಮಿ.ಗ್ರಾಂ ಮೀರಿದರೆ ಅಪರಾಧ. ಯಂತ್ರದ ಕ್ರಮಸಂಖ್ಯೆ, ಪರೀಕ್ಷೆಯ ಸಂಖ್ಯೆ, ದಿನಾಂಕ, ಗಂಟೆ, ಅಂಕಿ ಇವನ್ನು ದೋಷಾರೋಪ ಪಟ್ಟಿ ಮತ್ತು ಪಂಚನಾಮೆಯ ಪಕ್ಕ ಇಟ್ಟು ಓದಿ. ಗಾಡಿ ತಡೆದದ್ದು 9.40ಕ್ಕೆ ಎಂದು ಪಂಚನಾಮೆಯಲ್ಲಿದ್ದು ಚೀಟಿ 9.15 ಎನ್ನುತ್ತಿದ್ದರೆ, ಪಾಟೀಸವಾಲು ಅಲ್ಲಿಂದಲೇ ಶುರು. ಆ ಯಂತ್ರದ್ದೇ ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯೆಂಬ) ಪ್ರಮಾಣಪತ್ರ ಕೇಳಿ, ಅವಧಿ ನೋಡಿ. ಊದಿಸುವ ಮೊದಲು ಯಂತ್ರ ಸೊನ್ನೆ ತೋರಿಸಿತ್ತೇ, ಕೊಳವೆ ಹೊಸದೇ ಎಂದೂ ಕೇಳಬೇಕು. ಮದ್ಯಸಾರವಿರುವ ಮೌತ್‌ವಾಶ್ ಅಥವಾ ಹೋಮಿಯೋಪಥಿ ಹನಿ ಬಾಯಲ್ಲಿದ್ದರೆ ಅಂಕಿ ಸುಳ್ಳೇ ಏರುತ್ತದೆ; ಹದಿನೈದು ನಿಮಿಷ ಬಿಟ್ಟು ಊದಿಸಿದರೆ ಆ ತಕರಾರು ಇರುವುದಿಲ್ಲ. ಆದರೆ ಇದೆಲ್ಲ 34 ಬಂದಾಗಿನ ಮಾತು. 140 ಬಂದ ಚೀಟಿ ಹಿಡಿದು ಮೌತ್‌ವಾಶ್ ಕಥೆ ಹೇಳಿದರೆ ನ್ಯಾಯಾಧೀಶರು ನಂಬಲಿಕ್ಕಿಲ್ಲ, ನಾವೂ ನಂಬುವುದಿಲ್ಲ.

ಈ ಚೀಟಿ ಶಾಖಕ್ಕೆ ಅಚ್ಚಾಗುವ ಕಾಗದದ್ದಾದರೆ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಅಕ್ಷರ ಬೇಗ ಮಾಸುತ್ತದೆ. ಸಿಕ್ಕ ದಿನವೇ ಜೆರಾಕ್ಸ್ ಮಾಡಿಸಿಡಿ.

ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಮಾಡಿಸದಿದ್ದರೆ ಬಿಡಬೇಕೆಂದು 202ನೇ ಕಲಂ ಹೇಳುತ್ತದೆ. ಬಿಡಬೇಕಾದ್ದು ವಶದಿಂದ, ಕೇಸಿನಿಂದಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ. ರಕ್ತ ತೆಗೆದಿದ್ದರೆ ತೋಳಿಗೆ ಸ್ಪಿರಿಟ್ ಹಚ್ಚಿದ್ದರೇ, ಬಾಟಲಿಯಲ್ಲಿ ಸೋಡಿಯಂ ಫ್ಲೋರೈಡ್ ಇತ್ತೇ, ಸೀಲ್ ಮಾಡಿದ ದಿನಕ್ಕೂ ಪ್ರಯೋಗಾಲಯ ಮುಟ್ಟಿದ ದಿನಕ್ಕೂ ಅಂತರವೆಷ್ಟು ಎಂದು ಕೇಳಿ. ಕೆಡದಂತೆ ಹಾಕುವ ಫ್ಲೋರೈಡ್ ಇಲ್ಲದಿದ್ದರೆ ರಕ್ತ ಹುದುಗಿ, ಬಾಟಲಿಯಲ್ಲೇ ಮದ್ಯಸಾರ ಹುಟ್ಟಬಹುದು.

ಊದುವುದಿಲ್ಲ ಎಂದು ಹಟ ಹಿಡಿಯುವುದು ಜಾಣತನವಲ್ಲ: ಬಂಧನಕ್ಕೂ ಅದೇ ಕಾರಣವಾಗುತ್ತದೆ, ನಿರಾಕರಣೆಯೂ ನಿಮ್ಮ ವಿರುದ್ಧ ಸಾಕ್ಷ್ಯಕ್ಕೆ ಸೇರುತ್ತದೆ. ನಿಲ್ಲಿಸಿದ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿದ್ದವನ ಮಾತು ಬೇರೆ. ಓಡಿಸಿದ ಅಥವಾ ಓಡಿಸಲು ಯತ್ನಿಸಿದ ಸಾಕ್ಷ್ಯ ಬೇಕೇ ಬೇಕು. ಡಿಕ್ಕಿಯಲ್ಲಿದ್ದ ಗೋವಾ ಬಾಟಲಿಯ ಕೇಸು ಅಬಕಾರಿ ಕಾಯ್ದೆಯದ್ದು, ಇದಕ್ಕೆ ಬೆರೆಸಬೇಡಿ.

ಕುಡಿದು ಓಡಿಸುವುದಕ್ಕೆ ನಮ್ಮ ವಕಾಲತ್ತಿಲ್ಲ. ಪೊಲೀಸರಲ್ಲಿ ಕೇಳುವುದೂ ಒಂದೇ: ಊದಿಸಿದ ಜಾಗದಲ್ಲೇ ಚೀಟಿಯ ಇನ್ನೊಂದು ಪ್ರತಿ ಚಾಲಕನ ಕೈಗೆ ಕೊಡಿ.

– ಕ್ರಿಮಿನಲ್ ಪ್ರಕರಣ ನಡೆಸುವ ಕೆಲವು ವಕೀಲರು, ಕಾರವಾರ